ಐದು ಹತ್ತರ ಗೋಲು

ಐದು ಇಪ್ಪತ್ತಕ್ಕೆ ಆದರ್ಶನ ಫೋನಿನಲ್ಲಿ ಅಲಾರಂ ಹೊಡೆದುಕೊಂಡಿತು. ಹಿದ್ ಬಂದರಿಗೆ ಹೋಗುವ ಕಂಪನಿ ಬಸ್ಸು ಆರು ಗಂಟೆಗೆ ಮನೆಯ ಕೆಳಗಿನ ದಿನಸಿ ಅಂಗಡಿ, ಕೋಲ್ಡ್ ಸ್ಟೋರಿನೆದುರು ನಿಲ್ಲುತ್ತಿದ್ದುದರಿಂದ ಭಾನುವಾರದಿಂದ ಗುರುವಾರದವರೆಗೆ ಅವನು ಹಾಗೆ ಇಟ್ಟುಕೊಂಡಿದ್ದ. ದಾವಣಗೆರೆಯಲ್ಲಿ ಕಳೆದ ಹದಿನೈದು ದಿನವೂ ಆ ಫೋನು ರಂಜನಾಳ ಬ್ಯಾಗಿನ ತಳದಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು. ಗಂಡನನ್ನು ಸುಟ್ಟು, ತಿಥಿ ಮುಗಿಸಿ, ನಿನ್ನೆ ಬಹರೈನಿಗೆ ಬಂದಿಳಿದವಳು ಯಾಕೋ ಅದನ್ನು ಚಾರ್ಜಿಗೆ ಹಾಕಿದ್ದಳು. ಎದ್ದು ಅಲಾರಂ ನಿಲ್ಲಿಸಿದಳು. ನಿಲ್ಲಿಸುವುದರ ಬದಲು ಹತ್ತು ನಿಮಿಷ ಮುಂದೂಡಿದ್ದಳೆಂದು ಕಾಣುತ್ತದೆ, ಅವಳು ಸ್ನಾನದ ಮನೆಯಲ್ಲಿದ್ದಾಗ ಅದು ಮತ್ತೆ ಹೊಡೆದುಕೊಂಡಿತು. ಮೈಗೆ ಸೋಪು ಹಚ್ಚಿಕೊಂಡು ನಿಂತು, ಅದು ತಾನಾಗಿ ನಿಲ್ಲುವವರೆಗೂ ಕೇಳಿಸಿಕೊಂಡಳು. ಅಳು ಬರಬೇಕಾದ ಜಾಗ ಇದೇ ಎನ್ನಿಸಿತು. ಬರಲಿಲ್ಲ. ನೀರು ಮಾತ್ರ ಬೇಕಾದುದಕ್ಕಿಂತ ಬಿಸಿಯಾಗಿತ್ತು, ಗೀಸರಿನ ನಾಬು ಅವನು ತಿರುಗಿಸಿಟ್ಟಿದ್ದಲ್ಲಿಯೇ ಇತ್ತು.

ಹೊರಕೋಣೆಯಲ್ಲಿ ಅವನ ಕುರ್ಚಿಯ ಬೆನ್ನಿಗೆ ಉಣ್ಣೆಯ ಮಫ್ಲರು ಹಾಗೇ ಇತ್ತು. ಬಿಳಿ, ಕಂದು ಪಟ್ಟೆಗಳದು. ಎರಡು ತುದಿಯಲ್ಲೂ ಕುಚ್ಚು, ನಡುವೆ ಕೆಲ್‌ಬ್ರಿಜ್ ಟೌನ್ ಎಂದು ನೇಯ್ದ ಇಂಗ್ಲಿಷ್ ಅಕ್ಷರಗಳು. ಅದು ಆದರ್ಶನದಲ್ಲ, ಕೆಳಗಿನ ಮಹಡಿಯ ಕೊಸ್ಮಸ್ ಅಂಕಲ್‌ನದು. ಬಂದರಿನ ಕ್ರೇನುಗಳನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬ ಇಂಗ್ಲಿಷಿನವ ಊರಿಗೆ ಮರಳುವಾಗ ಅಂಕಲ್‌ಗೆ ಇದನ್ನು ಕೊಟ್ಟು, ತನ್ನ ಊರಿನ ಫುಟ್‌ಬಾಲ್ ತಂಡವನ್ನೂ ಜೊತೆಗೆ ಅಂಟಿಸಿ ಹೋಗಿದ್ದ. ಬಂದರಿನಲ್ಲಿ ಮಿಕ್ಕವರೆಲ್ಲ ಮೇಲಿನ ಲೀಗಿನ ದೊಡ್ಡ ದೊಡ್ಡ ತಂಡಗಳ ಹಿಂದೆ. ಕೊಸ್ಮಸ್, ಆದರ್ಶ್, ಗೇಟ್ ಪಾಸ್ ಕೌಂಟರಿನ ಅಝೀಝ್, ಈ ಮೂವರು ಮಾತ್ರ ಎರಡನೇ ದರ್ಜೆಯ ಲೀಗಿನಲ್ಲಿ ಹನ್ನೊಂದನೆಯದೋ ಹದಿಮೂರನೆಯದೋ ಆಗಿರುತ್ತಿದ್ದ ಈ ಕೆಲ್‌ಬ್ರಿಜಿನ ಹಿಂದೆ. ಟೀವಿಯಲ್ಲಿ ಬರುವುದಿಲ್ಲ. ಶನಿವಾರ ಲ್ಯಾಪ್‌ಟಾಪಿನಲ್ಲಿ ಪಂದ್ಯದ ವರದಿಯ ಅಕ್ಷರಗಳು ಬದಲಾಗುವುದನ್ನು ಕಾಯುತ್ತ ಕೂರುವುದು. ಅದನ್ನೂ ಫುಟ್‌ಬಾಲ್ ಎನ್ನುತ್ತೀರಲ್ಲ ಎಂದು ಅವಳು ಒಮ್ಮೆ ನಕ್ಕಿದ್ದಳು. ಮಫ್ಲರಿಗೊಂದು ಕ್ರಮವಿತ್ತು. ತಂಡ ಸೋಲದಿರುವಷ್ಟು ದಿನ ಅದು ಒಬ್ಬನ ಬಳಿ ಇರಬೇಕು. ಸೋತ ಮರುದಿನ ಅದನ್ನು ಅಂಕಲ್‌ಗೆ ಹಿಂತಿರುಗಿಸಬೇಕು, ಅವರು ಮುಂದಿನವನಿಗೆ ಕೊಡುತ್ತಾರೆ. ಸುಮ್ಮನೆ ಕೊಟ್ಟು ಬರುವಂತಿಲ್ಲ. ಎದುರಿಗೆ ನಿಂತು, ಹೇಗೆ ಸೋತಿತೆಂದು ಬಾಯಿಬಿಟ್ಟು ಹೇಳಬೇಕು. ಎಷ್ಟನೇ ನಿಮಿಷ, ಯಾರ ತಪ್ಪು, ಎಲ್ಲ. ಆದರ್ಶ್ ಇದನ್ನು ಅಕ್ಟೋಬರಿನಲ್ಲಿ ತಂದಿದ್ದ. ಆಮೇಲೆ ತಂಡ ಸೋತಿರಲಿಲ್ಲ.

ಕೆಳಗಿಳಿಯುವಾಗ ಅಂಕಲ್‌ನ ಹೆಂಡತಿ ವಾಯೊಲೆಟ್ ಆಂಟಿ ಬಾಗಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಮುಚ್ಚಿದ ತಟ್ಟೆ. "ನೀರ್‌ದೋಸೆ ಉಂಟು, ಎರಡಾದ್ರೂ ತಿಂದು ಹೋಗು. ಖಾಲಿ ಹೊಟ್ಟೆಯಲ್ಲಿ ಬ್ಯಾಂಕಿಗೆ ಹೋಗಿ ಬಿದ್ದುಗಿದ್ದರೆ ಎಂತ ಮಾಡೋದು ಮಾರಾಯ್ತಿ?" ರಂಜನಾ ಮೆಟ್ಟಿಲ ಮೇಲೆ ನಿಂತೇ ಒಂದನ್ನು ತಿಂದಳು. ತೆಂಗಿನಕಾಯಿ ಬೆಲ್ಲದ ರುಚಿ ನಾಲಿಗೆಗೆ ಸರಿಯಾಗಿಯೇ ಗೊತ್ತಾಯಿತು, ಅದು ಅವಳಿಗೆ ಸ್ವಲ್ಪ ನಾಚಿಕೆ ತಂದಿತು. ಆಂಟಿ ಅವಳ ಭುಜ ಸವರಿ, ಎದುರು ಮನೆಯಿಂದ ಹೊರಟಿದ್ದ ಮಲಯಾಳಿ ನರ್ಸಿಗೂ ಕೇಳುವಂತೆ ಹೇಳಿದರು: "ಹೋಗುವಾಗ ಖುಷಿಯಲ್ಲಿ ಹೋದ, ಅದೊಂದು ಸಮಾಧಾನ. ನಾನೇ ಇದ್ದೆನಲ್ಲ ಇವಳ ಪಕ್ಕದಲ್ಲಿ. ಗೋಲ್ ಆಯ್ತಂತ ಇವಳಿಗೆ ರಿಂಗ್ ಕೊಟ್ಟಿದ್ದ, ಪಾಪ." ಒಳಗಿನಿಂದ ಕೊಸ್ಮಸ್ ಅಂಕಲ್ ಶೂ ಲೇಸು ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ.

ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ಅವಳು ಸಾಲದ ಅಪಾಯವನ್ನು ಅಂದಾಜು ಮಾಡುವ ವಿಭಾಗದಲ್ಲಿದ್ದಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ್ದಕ್ಕೆ ಸಿಕ್ಕ ಕೆಲಸ. ಪ್ಯಾಂಟ್ರಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬೇರೆ ವಿಷಯ ಶುರುವಾಗುವವರೆಗಿನ ಆ ಖಾಲಿ ಹೊತ್ತಿನಲ್ಲಿ ಅವಳೇ ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳಿ ಎಲ್ಲರನ್ನೂ ಪಾರು ಮಾಡುತ್ತಿದ್ದಳು. ಹನ್ನೊಂದು ಗಂಟೆಗೆ ಸಿಬ್ಬಂದಿ ವಿಭಾಗದವಳು ಒಂದು ಹಾಳೆ ತಂದಳು. ತುರ್ತು ಸಂದರ್ಭದಲ್ಲಿ ಯಾರನ್ನು ಕರೆಯಬೇಕು, ಹೆಸರು, ನಂಬರು. ಹಳೆಯದು ಈಗ, ಅಂದರೆ, ನಿಮಗೇ ಗೊತ್ತಲ್ಲ, ಎಂದಳು. ರಂಜನಾ ಪೆನ್ನು ತೆಗೆದು ಆದರ್ಶನ ನಂಬರನ್ನೇ ಬರೆದಳು. ಎಂಟು ಅಂಕಿಗಳನ್ನೂ ಬರೆದು, ಸಹಿ ಹಾಕಿ, ಕೊಟ್ಟಳು. ಬಂದವಳು ಅದನ್ನು ಓದಿ, ಇನ್ನೊಂದು ಖಾಲಿ ಹಾಳೆ ತಂದು ಮೇಜಿನ ಮೇಲಿಟ್ಟು ಹೋದಳು. ಆ ಹಾಳೆ ಏಪ್ರಿಲ್‌ವರೆಗೂ ರಂಜನಾಳ ಡ್ರಾಯರಿನಲ್ಲಿ ಖಾಲಿಯೇ ಇತ್ತು.

ಶನಿವಾರ ಬಂತು. ಐದಕ್ಕೆ ಐದು ನಿಮಿಷವಿರುವಾಗ ಅವಳು ಅವನ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪು ತೆರೆದಳು. ಮಫ್ಲರು ಕೊಡಬೇಕಾಗುತ್ತದೋ ಇಲ್ಲವೋ ತಿಳಿಯಬೇಕಿತ್ತು, ಅಷ್ಟೇ. ಶನಿವಾರದ ಪಂದ್ಯ ಐದಕ್ಕೆ ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆಗಸ್ಟಿನಿಂದ ಹಾಗೇ ನಡೆದಿತ್ತು. ಐದಕ್ಕೆ ಅವನು ಎ.ಸಿ. ಹೆಚ್ಚಿಸಿ, ಕೋಣೆ ತಣ್ಣಗಾಗಲು ಬಿಟ್ಟು, ಮಫ್ಲರು ಬಂದ ಮೇಲೆ ಅದನ್ನೂ ಸುತ್ತಿಕೊಂಡು ಕೂರುತ್ತಿದ್ದ. ಗೋಲಾದರೆ ಎಲ್ಲರಿಗೂ ಮಿಸ್ಡ್ ಕಾಲ್. ಅಂಕಲ್‌ಗೆ, ಅಝೀಝನಿಗೆ, ಅವಳೆಲ್ಲೇ ಇದ್ದರೂ ಅವಳಿಗೆ. ಎತ್ತಬಾರದು, ಎತ್ತಿದರೆ ದುಡ್ಡು ದಂಡ. ಎರಡು ರಿಂಗಿಗೆ ಅವನೇ ನಿಲ್ಲಿಸುತ್ತಿದ್ದ, ಅಷ್ಟರೊಳಗೆ ಅವಳು ಕಟ್ ಮಾಡಿದರೆ ಗೊತ್ತಾಯಿತು ಎಂದರ್ಥ. ಆ ಶನಿವಾರವೂ, ನವೆಂಬರಿನ ಮೊದಲ ಶನಿವಾರ, ಅವಳು ವಾಯೊಲೆಟ್ ಆಂಟಿಯ ಜೊತೆ ಸೂಪರ್ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಳು. ಒಂದೊಂದರ ತುದಿ ಮುರಿದು ನೋಡಿ ಚೀಲಕ್ಕೆ ಹಾಕುತ್ತಿದ್ದಳು. ಫೋನು ಹೊಡೆದುಕೊಂಡಿತು. ಕೈಗೆ ಬೆಂಡೆಯ ಅಂಟು, ಒರೆಸಿಕೊಂಡು ಬ್ಯಾಗಿನಿಂದ ತೆಗೆಯುವಷ್ಟರಲ್ಲಿ ನಾಲ್ಕೋ ಐದೋ ರಿಂಗಾಗಿತ್ತು, ಇನ್ನೂ ಆಗುತ್ತಿತ್ತು. ಅವನ ಹೆಸರು. ಐದು ಗಂಟೆ ಹತ್ತು ನಿಮಿಷ. ಅವಳು ಕೆಂಪು ಗುಂಡಿ ಒತ್ತಿದಳು. "ಯಾರು?" ಅಂದರು ಆಂಟಿ. "ಗೋಲ್," ಅಂದಳು, ನಕ್ಕಳು. ತೂಕದವನು ಚೀಲದ ಮೇಲೆ ಚೀಟಿ ಅಂಟಿಸಿದ. ಆಮೇಲೆ ಮೀನಿನ ಸಾಲು, ಆಮೇಲೆ ಆಂಟಿಗೆ ಬೇಕಾದ ಬಾಣಲೆ ಹುಡುಕಿದ್ದು. ಮನೆ ಮುಟ್ಟಿದಾಗ ಆರೂಮುಕ್ಕಾಲು. ಅವನು ಸೋಫಾ ಮತ್ತು ಗೋಡೆಯ ನಡುವೆ ಇದ್ದ.

ಲ್ಯಾಪ್‌ಟಾಪಿನಲ್ಲಿ ಪುಟ ಬಂತು. ಪಂದ್ಯ ಶುರುವಾಗಲು ಇನ್ನು ಒಂದು ಗಂಟೆ ನಾಲ್ಕು ನಿಮಿಷ ಎಂದಿತ್ತು. ಏನೋ ತಪ್ಪಿದೆ ಎಂದುಕೊಂಡು ಅವಳು ಗೋಡೆ ಗಡಿಯಾರ ನೋಡಿದಳು, ಕೈಗಡಿಯಾರ ನೋಡಿದಳು. ಆಮೇಲೆ ಹಿಂದಿನ ವಾರಗಳ ಪಟ್ಟಿಗೆ ಹೋದಳು. ಅಕ್ಟೋಬರಿನ ಕೊನೆಯ ಭಾನುವಾರ ಇಂಗ್ಲೆಂಡಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಬಹರೈನಿನಲ್ಲಿ ಯಾರೂ ಏನನ್ನೂ ಹಿಂದಕ್ಕಿಡುವುದಿಲ್ಲ. ಅಲ್ಲಿನ ಮಧ್ಯಾಹ್ನ ಮೂರು, ಇಲ್ಲಿ ಅದುವರೆಗೆ ಐದಾಗುತ್ತಿದ್ದುದು, ನವೆಂಬರಿನ ಮೊದಲ ಶನಿವಾರದಿಂದ ಆರು. ಅಂದು ಐದು ಹತ್ತಕ್ಕೆ ಗೋಲಾಗಿರಲಿಲ್ಲ. ಐದು ಹತ್ತಕ್ಕೆ ಪಂದ್ಯವೇ ಇರಲಿಲ್ಲ. ಅವಳು ತುಂಬ ಹೊತ್ತು ಪರದೆಯನ್ನೇ ನೋಡಿದಳು. ಬ್ಯಾಂಕಿನಲ್ಲಿ ಒಂದು ಅಂಕಣದ ಮೊತ್ತ ಹೊಂದದಾಗ ನೋಡುವಂತೆ, ತಪ್ಪು ತನ್ನದಾಗಿರದೆ ಕಾಗದದ್ದಾಗಿರಲಿ ಎಂಬಂತೆ. ಅಂದು ಲ್ಯಾಪ್‌ಟಾಪು ಮುಚ್ಚಿತ್ತು. ಮಫ್ಲರು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿತ್ತು. ಇವೆರಡನ್ನೂ ಅವಳು ಅಂದೇ ನೋಡಿದ್ದಳು, ಆಂಬುಲೆನ್ಸಿನವರು ಬಂದು ಮೇಜು ಸರಿಸುವಾಗ. ಎದ್ದು ಹೋಗಿ ಅವನ ಫೋನು ತಂದಳು. ಅಂದು ಹೊರಗೆ ಹೋದ ಕರೆ ಒಂದೇ, ಅವಳಿಗೆ. ಅದರ ಕೆಳಗೆ ಯಾರೂ ಓದದ ಒಂದು ಮೆಸೇಜು, ಕೊಸ್ಮಸ್ ಅಂಕಲ್‌ನದು, ಐದು ಮೂವತ್ತೆರಡಕ್ಕೆ ಬಂದದ್ದು: ಇವತ್ತಿಂದ ಆರು ಗಂಟೆಗೆ ಮ್ಯಾಚ್, ಮರೆತು ಕೂತಿದ್ದೀಯೋ ಹೇಗೆ?

ಹಾಗಾದರೆ ಅಂಕಲ್‌ಗೆ ಗೊತ್ತಿತ್ತು. ಮೊದಲ ದಿನದಿಂದಲೇ. ಅಂದು ರಾತ್ರಿ ಮನೆ ತುಂಬ ಜನ ಸೇರಿ, ಆಂಟಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಐದು ಹತ್ತರ ಗೋಲಿನ ಕತೆಯನ್ನು ಮೊದಲ ಸಲ ಹೇಳಿದಾಗ ಅಂಕಲ್ ಗೋಡೆಗೆ ಒರಗಿ ನಿಂತಿದ್ದು ಅವಳಿಗೆ ನೆನಪಾಯಿತು. ಆಗ ಅವರು ಅವಳನ್ನು ನೋಡಿದ್ದರು. ದುಃಖದ ನೋಟ ಎಂದುಕೊಂಡಿದ್ದಳು.

ಆ ಶನಿವಾರ ಕೆಲ್‌ಬ್ರಿಜ್ ಸೋಲಲಿಲ್ಲ, ಸೊನ್ನೆ-ಸೊನ್ನೆ. ಮುಂದಿನ ವಾರ ಒಂದು-ಒಂದು. ಡಿಸೆಂಬರಿಡೀ ಗೆಲ್ಲದೆಯೂ ಸೋಲದೆಯೂ ನಡೆಯಿತು. ಅವಳು ಪ್ರತಿ ಶನಿವಾರ ಆರಕ್ಕೆ ಕೂತು ಅಕ್ಷರಗಳು ಬದಲಾಗುವುದನ್ನು ನೋಡಿದಳು. ಕಾರ್ನರ್. ಫೌಲ್. ಹಳದಿ ಕಾರ್ಡ್. ಆಟಗಾರರ ಮುಖ ಗೊತ್ತಿರಲಿಲ್ಲ, ಹೆಸರುಗಳಷ್ಟೇ. ಯಾವ ಹೆಸರಿನವನು ಎಡಕ್ಕೆ ಓಡುತ್ತಾನೆ, ಯಾವನು ಎಪ್ಪತ್ತನೇ ನಿಮಿಷಕ್ಕೆ ದಣಿಯುತ್ತಾನೆ ಎಂದು ಕ್ರಮೇಣ ತಿಳಿಯಿತು. ಕಿಟಕಿಯಾಚೆ ಮುಹರ್ರಕ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಕಟ್ಟಡವನ್ನು ಸಣ್ಣಗೆ ನಡುಗಿಸುತ್ತಿದ್ದವು. ಭಾನುವಾರ ಸಂಜೆ ದಾವಣಗೆರೆಯಿಂದ ಅತ್ತೆ ಚಂದ್ರಮ್ಮ ಫೋನು ಮಾಡುತ್ತಿದ್ದರು. "ಉಂಡೇನವ್ವಾ? ನಿಮ್ಮ ಆ ಟೀಮು ಏನಾತು?" ಸೊಸೆಗಿಂತ ತಂಡದ ಬಗ್ಗೆ ಕೇಳುವುದು ಅವರಿಗೆ ಸುಲಭವಾಗಿರಬೇಕು. ಡ್ರಾ ಆಯಿತು ಅತ್ತೆ, ಎಂದರೆ, "ಡ್ರಾ ಅಂದ್ರೆ ಸೋತಿಲ್ಲ ಹೌದಿಲ್ಲೋ, ಸಾಕು ಬಿಡು. ನನ್ ಮಗ ಗೋಲು ಅಂತ ಫೋನ್ ಮಾಡಿ ನಕ್ಕೊಂತ ಹೋದ. ಓಣಿ ಮಂದಿಗೆಲ್ಲ ಅದನ್ನೇ ಹೇಳ್ತೀನಿ ನಾನು." ಹೂಂ ಎಂದಳು. ಒಂದು ಸಲ ಹೂಂ ಎಂದ ಮೇಲೆ ಎರಡನೆಯದು ತಾನಾಗಿ ಬಂತು.

ಜನವರಿಯ ಎರಡನೇ ಶನಿವಾರ ತಂಡ ಸೋತಿತು. ಎಂಬತ್ತೊಂಬತ್ತನೇ ನಿಮಿಷದಲ್ಲಿ ಅವರದೇ ಆಟಗಾರನ ಕಾಲಿಗೆ ತಗುಲಿ ಚೆಂಡು ಅವರದೇ ಬಲೆಗೆ ಹೋಯಿತು. ಮರುದಿನ ಬೆಳಿಗ್ಗೆ ಅವಳು ಮಫ್ಲರು ಮಡಿಸಿ ಕೈಗೆ ತೆಗೆದುಕೊಂಡು ಒಂದು ಮಹಡಿ ಇಳಿದಳು. ಬಾಗಿಲಾಚೆ ಅಂಕಲ್ ಕೆಮ್ಮಿದ್ದು ಕೇಳಿಸಿತು. ಎದುರಿಗೆ ನಿಂತು ಹೇಳಬೇಕು, ಹೇಗೆ ಸೋತಿತೆಂದು. ಅವರು ಅವಳ ಮುಖ ನೋಡುತ್ತ ಕೇಳಿಸಿಕೊಳ್ಳುತ್ತಾರೆ. ಅವಳು ಮಫ್ಲರನ್ನು ಆಫೀಸಿನ ಬ್ಯಾಗಿಗೆ ತುರುಕಿ ಹಾಗೇ ಬ್ಯಾಂಕಿಗೆ ಹೋದಳು. ಅಂದು ಉತ್ತರದ ಗಾಳಿ, ಚಳಿ ಇತ್ತು. ಬಸ್ಸಿಳಿದು ನಡೆಯುವಾಗ ತೆಗೆದು ಕುತ್ತಿಗೆಗೆ ಸುತ್ತಿಕೊಂಡಳು. ಉಣ್ಣೆಯಲ್ಲಿ ಅವನ ವಾಸನೆಯೇನೂ ಇರಲಿಲ್ಲ. ಯಾರದೋ ಹಳೆಯ ಸಿಗರೇಟು, ನ್ಯಾಫ್ತಲೀನು. ಎಷ್ಟೋ ಕುತ್ತಿಗೆಗಳನ್ನು ಸುತ್ತಿ ಬಂದದ್ದು.

ಆಮೇಲೆ ತಂಡ ಸೋಲತೊಡಗಿತು. ಒಂದಲ್ಲ, ಐದು, ಎಂಟು. ಹನ್ನೊಂದರಿಂದ ಹದಿನೇಳಕ್ಕೆ, ಇಪ್ಪತ್ತಕ್ಕೆ ಇಳಿಯಿತು. ಇಪ್ಪತ್ತನಾಲ್ಕು ತಂಡಗಳಲ್ಲಿ ಕೊನೆಯ ಮೂರು ಕೆಳಗಿನ ಲೀಗಿಗೆ ಬೀಳುತ್ತವೆ. ಮಫ್ಲರು ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದರಿಂದ ಹೀಗಾಗುತ್ತಿದೆ ಎಂದು ಯಾರೂ ಹೇಳಲಿಲ್ಲ, ಅಂದರೆ ಎಲ್ಲರಿಗೂ ಹಾಗನ್ನಿಸುತ್ತಿತ್ತು. ಫೆಬ್ರವರಿಯ ಒಂದು ಶುಕ್ರವಾರ ಮೆಟ್ಟಿಲ ಮೇಲೆ ಅಝೀಝ್ ಎದುರಾದ. ಉಳ್ಳಾಲದವನು, ಬಾಯಿ ಬಿಗಿಹಿಡಿದು ಗೊತ್ತಿಲ್ಲದವನು. "ಅಕ್ಕಾ, ಚೆನ್ನಾಗಿದ್ದೀರಾ? ನಮ್ಮ ಟೀಮಿಗೆ ಕೈಕಾಲೇ ಇಲ್ಲದಾಗೆ ಆಗಿದೆ ನೋಡಿ. ಹೀಗೇ ಹೋದ್ರೆ ಮುಂದಿನ ವರ್ಷ ನಮ್ಮ ಪೋರ್ಟ್ ಕ್ಯಾಂಟೀನ್ ಟೀಮ್ ಜೊತೆ ಆಡ್ಬೇಕಾಗ್ತದೆ," ಎಂದು ನಕ್ಕ. ಹಿಂದಿದ್ದ ಅಂಕಲ್, "ಏ, ಸುಮ್ನಿರು ಮಾರಾಯ," ಎಂದು ಅವನ ತೋಳು ಹಿಡಿದರು. ಅವನಿಗೆ ಆಗ ಹೊಳೆದು, ಮುಖ ಸಣ್ಣದು ಮಾಡಿಕೊಂಡು, "ಅಲ್ಲಕ್ಕಾ, ಅದಕ್ಕಲ್ಲ, ನಿಮ್ಮ ಹತ್ರ ಇರ್ಲಿ ಅದು, ಒಂದು ವರ್ಷ ಇರ್ಲಿ," ಎಂದ. ಅವರು ದಯೆ ತೋರಿಸುತ್ತಿದ್ದರು. ಗಂಡನ ನೆನಪಿಗೆ ಇಟ್ಟುಕೊಂಡಿದ್ದಾಳೆ ಎಂದುಕೊಂಡಿದ್ದರು. ಅಂಕಲ್ ಮಾತ್ರ ಗೋಡೆಯ ಮೇಲಿನ ನೀರಿನ ಮೀಟರು ಓದುತ್ತಿದ್ದರು. ಮೂರು ತಿಂಗಳಿನಿಂದ ಅವಳೂ ಅವರೂ ಮೆಟ್ಟಿಲ ಮೇಲೆ ಹೀಗೆ ಏನನ್ನಾದರೂ ಓದುತ್ತ ದಾಟುತ್ತಿದ್ದರು.

ಅವಳು ಅಂದಾಜು ಮಾಡಿ ನೋಡಿದ್ದಳು, ಕೆಲಸದ ಅಭ್ಯಾಸ. ಐದು ಹತ್ತಕ್ಕೆ ಎತ್ತಿದ್ದರೆ, ಐದು ಹನ್ನೆರಡಕ್ಕೆ ಆಂಬುಲೆನ್ಸಿಗೆ ಹೇಳಿದ್ದರೆ, ರಸ್ತೆ ಖಾಲಿ ಇದ್ದಿದ್ದರೆ. ಡಾಕ್ಟರು ಹೃದಯಾಘಾತ, ಏನೂ ಮಾಡುವಂತಿರಲಿಲ್ಲ ಎಂದಿದ್ದರು, ಆದರೆ ಐದು ಹತ್ತರ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಉತ್ತರ ಒಮ್ಮೆ ಹೀಗೆ, ಒಮ್ಮೆ ಹಾಗೆ ಬರುತ್ತಿತ್ತು. ಬೇಜಾರಾಗಿ ಬಿಟ್ಟಳು.

ಮಾರ್ಚಿ ಕೊನೆಗೆ ಇಂಗ್ಲೆಂಡಿನ ಗಡಿಯಾರ ಮತ್ತೆ ಮುಂದಕ್ಕೆ ಹೋಯಿತು. ಮುಂದಿನ ಶನಿವಾರ ಪಂದ್ಯ ಐದಕ್ಕೇ ಶುರುವಾಯಿತು. ಅವಳು ಕುರ್ಚಿಯಲ್ಲಿದ್ದಳು, ಕಾಫಿ ಆರಿತ್ತು. ಹತ್ತನೇ ನಿಮಿಷದಲ್ಲಿ ಅಕ್ಷರಗಳು ದಪ್ಪಗಾದವು: ಕೆಲ್‌ಬ್ರಿಜ್ ಗೋಲ್. ಐದು ಗಂಟೆ ಹತ್ತು ನಿಮಿಷ. ಅವಳ ಎದೆಯೊಳಗೆ ಏನೋ ಹಗುರವಾಗಿ, ಸಂತೋಷದ ಹಾಗೆ, ಎದ್ದಿತು. ಆಮೇಲೆ ಅದು ಯಾವ ಸಂತೋಷವೆಂದು ಗೊತ್ತಾಯಿತು. ಇನ್ನು ಯಾರು ಲೆಕ್ಕ ಹಾಕಿದರೂ ಐದು ಹತ್ತಕ್ಕೆ ಗೋಲಾಗುವುದು ಸರಿಯಾಗಿಯೇ ಕಾಣುತ್ತದೆ. ಒಂದು ವರ್ಷ ಕಳೆದರೆ ನವೆಂಬರಿನ ಗಂಟೆ ಯಾರಿಗೂ ನೆನಪಿರುವುದಿಲ್ಲ. ಆಂಟಿ ಹೇಳುತ್ತಾರೆ, ಅತ್ತೆ ಓಣಿಗೆಲ್ಲ ಹೇಳುತ್ತಾರೆ, ಇವಳು ಹೂಂ ಎನ್ನುತ್ತಾಳೆ. ಕೊನೆಗೆ ಅದೇ ನಿಜವಾಗುತ್ತದೆ. ಆಗ ಅವನು ಸೋಫಾ ಮತ್ತು ಗೋಡೆಯ ನಡುವೆ ಬಿದ್ದು ಯಾರನ್ನೂ ಕರೆದೇ ಇಲ್ಲವೆಂದಾಗುತ್ತದೆ. ಅವನು ಕರೆದಿದ್ದ. ಅದನ್ನು ಬಲ್ಲವರು ಅವಳು, ಅಂಕಲ್, ಇಬ್ಬರೇ. ಅವಳು ಎದ್ದು ಕಾಫಿಯನ್ನು ಸಿಂಕಿಗೆ ಚೆಲ್ಲಿದಳು. ಭಾನುವಾರ ಬ್ಯಾಂಕಿನಲ್ಲಿ ಡ್ರಾಯರಿನಿಂದ ಆ ಹಾಳೆ ತೆಗೆದು, ತುರ್ತು ಸಂದರ್ಭದಲ್ಲಿ ಎಂಬುದರ ಎದುರು ಕೊಸ್ಮಸ್ ಎಂದು ಬರೆದಳು. ಅವರನ್ನು ಕೇಳಿರಲಿಲ್ಲ.

ಆದರೂ ಏಪ್ರಿಲ್ ಪೂರ್ತಿ ಹೋಯಿತು. ಮೇ ತಿಂಗಳ ಮೊದಲ ಶನಿವಾರ ಕೊನೆಯ ಪಂದ್ಯ. ಕೆಲ್‌ಬ್ರಿಜ್ ಇಪ್ಪತ್ತೆರಡನೆಯದು. ಗೆದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಐದಕ್ಕೆ ಮೊದಲೇ ಕೊಟ್ಟುಬಿಡಬೇಕೆಂದು ಹೊರಟವಳು ಮೆಟ್ಟಿಲ ತಿರುವಿನಲ್ಲಿ ನಿಂತಳು. ಕೋಲ್ಡ್ ಸ್ಟೋರಿನವನು ನೀರಿನ ಕ್ಯಾನುಗಳನ್ನು ಒಳಗೆ ಎಳೆಯುತ್ತಿದ್ದ ಸದ್ದು. ಅಸರ್ ನಮಾಜು ಮುಗಿದು ಎಷ್ಟೋ ಹೊತ್ತಾಗಿತ್ತು. ಕೈಯಲ್ಲಿ ಉಣ್ಣೆ, ಬೆವರು. ಅವಳು ಬೆಲ್ ಒತ್ತಿದಾಗ ಐದು ದಾಟಿತ್ತು.

ಅಂಕಲ್ ಬಾಗಿಲು ತೆರೆದರು. ಬನಿಯನ್ನು, ಲುಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಹಿಂದೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ಅವರು ಮೊದಲು ಮಫ್ಲರು ನೋಡಿದರು. "ಬಾ, ಒಳಗೆ ಬಾ. ಇನ್ನೂ ಎಂತದೂ ಆಗ್ಲಿಲ್ಲ. ಅಝೀಝ್ ಡ್ಯೂಟಿಯಲ್ಲಿದ್ದಾನೆ. ಪೋರ್ಟಿನ ಇಂಟರ್ನೆಟ್ ನಮ್ಮದಕ್ಕಿಂತ ಎರಡು ನಿಮಿಷ ಮುಂದೆ ಓಡ್ತದೆ."

"ಕೊಡೋಕೆ ಬಂದೆ ಅಂಕಲ್."

"ಈಗ? ಮ್ಯಾಚ್ ನಡುವೆ ಕೊಡುವ ಕ್ರಮ ಇಲ್ಲ ನಮ್ಮಲ್ಲಿ," ಎಂದರು, ನಗಿಸಲು ನೋಡಿದರು. ಅವಳ ಮುಖ ನೋಡಿ ಬಿಟ್ಟರು. "ಆಯ್ತು, ಹೇಳು."

ವಾಯೊಲೆಟ್ ಆಂಟಿ ಅಡಿಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ನಿಂತರು. "ಅವಳನ್ನು ಕೂರಿಸ್ಲಿಕ್ಕಾದ್ರೂ ಗೊತ್ತುಂಟಾ ನಿಮ್ಗೆ?"

ರಂಜನಾ ಕೂರಲಿಲ್ಲ. "ಜನವರಿಯಲ್ಲಿ ಸೋತ್ರು. ಒಂದು-ಸೊನ್ನೆ. ಎಂಬತ್ತೊಂಬತ್ತನೇ ನಿಮಿಷ, ಸೆಲ್ಫ್ ಗೋಲ್." ಅಷ್ಟು ಹೇಳಿ ಉಸಿರು ತೆಗೆದುಕೊಂಡಳು. "ಅದಕ್ಕೂ ಮುಂಚಿನದು ಒಂದಿದೆ. ನವೆಂಬರ್‌ನಲ್ಲಿ, ಐದು ಹತ್ತಕ್ಕೆ ಅವ್ನು ಫೋನ್ ಮಾಡ್ದ. ಐದು ಹತ್ತಕ್ಕೆ ಮ್ಯಾಚ್ ಇರ್ಲಿಲ್ಲ, ಆರಕ್ಕಿತ್ತು. ಐದಾರು ರಿಂಗ್ ಆಗಿತ್ತು ಆಂಟಿ, ಎರಡಲ್ಲ. ನಾನು ಕಟ್ ಮಾಡ್ದೆ."

ಆಂಟಿ ಹತ್ತಿರದ ಕುರ್ಚಿಯನ್ನು ಎಳೆದುಕೊಂಡು ತಾವೇ ಕೂತರು. "ಜೇಸು," ಎಂದರು. "ನಾನು ಊರಿಡೀ ಹೇಳಿದ್ದೆನಲ್ಲ." ಒದ್ದೆ ಕೈಯನ್ನು ಮಡಿಲಿನ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡಿದರು. "ನಾನೇ ಅಲ್ವಾ ಬಾಣಲೆ ಬಾಣಲೆ ಅಂತ ನಿಲ್ಲಿಸಿದ್ದು ನಿನ್ನನ್ನು."

"ನನಗೆ ಗೊತ್ತಿತ್ತು," ಎಂದರು ಅಂಕಲ್. "ಮೆಸೇಜ್ ಹಾಕಿದ್ದೆ."

"ನೋಡ್ದೆ."

"ಹಾಂ. ನೋಡಿರ್ತಿ ಅಂತ ಗೊತ್ತಿತ್ತು." ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ನಿನ್ನ ತಪ್ಪಲ್ಲ ಎನ್ನುತ್ತಾರೆಂದು ಅವಳು ಕಾದಳು. ಅಂದಿದ್ದರೆ ಮಫ್ಲರನ್ನು ಅಲ್ಲೇ ಎಸೆದು ಹೋಗುತ್ತಿದ್ದಳು. ಅವರು ಹಾಗೆನ್ನಲಿಲ್ಲ. ಎರಡೂ ಕೈ ಚಾಚಿದರು. ಅವಳು ಅದನ್ನು ಆ ಕೈಗಳ ಮೇಲಿಟ್ಟಳು. ಉಣ್ಣೆ ಹೋದ ಮೇಲೂ ಅಂಗೈ ಸ್ವಲ್ಪ ಹೊತ್ತು ಬಿಸಿಯಾಗಿಯೇ ಇತ್ತು. "ಅತ್ತೆಗೆ ಹೇಳ್ಬೇಕು," ಎಂದಳು, ಯಾರಿಗೆಂದಲ್ಲ. "ನಾಳೆ ಫೋನ್ ಮಾಡ್ತಾರೆ."

ಆಗ ಮೇಜಿನ ಮೇಲೆ ಅಂಕಲ್‌ನ ಫೋನು ಹೊಡೆದುಕೊಂಡಿತು. ಅಝೀಝ್. ಒಂದು ರಿಂಗು. ಎರಡನೆಯದು ಶುರುವಾಗುವಷ್ಟರಲ್ಲಿ ಅಂಕಲ್ ಮಫ್ಲರು ಹಿಡಿದ ಕೈಯಲ್ಲೇ ಅದನ್ನು ಬಾಚಿ ತೆಗೆದು ಹಸಿರು ಗುಂಡಿ ಒತ್ತಿ ಕಿವಿಗಿಟ್ಟುಕೊಂಡರು.

"ಅಝೀಝ್? ಎಂತಾಯ್ತು? ಹುಷಾರುಂಟಲ್ಲ ನೀನು?"

ಆ ಕಡೆಯಿಂದ ಅವನು ಕೂಗಿದ್ದು ಕೋಣೆಯಲ್ಲಿದ್ದ ಮೂವರಿಗೂ ಕೇಳಿಸಿತು. "ಎಂತ ಹುಷಾರು? ಗೋಲ್ ಮಾರಾಯ್ರೇ, ಗೋಲ್! ನೀವು ಎತ್ತಿದ್ದೆಂತಕ್ಕೆ?"

"ಎತ್ತಿದೆ," ಎಂದರು ಅಂಕಲ್. "ಇನ್ನು ಎತ್ತುವುದೇ."